ಅರ್ಧಕ್ಕೆ ನಿಂತ ರಾಗ

ಕುವೈತ್‌ನ ರಿಗ್ಗೈಯಲ್ಲಿ ಗೆಳತಿ ಜೆಸಿಂತಾಳ ಮನೆಯಲ್ಲಿ ಇಳಿದುಕೊಂಡಿದ್ದೇನೆ. ಮಂಗಳೂರಿನ ಈ ನರ್ಸ್, ಡ್ಯೂಟಿ ಮುಗಿಸಿ ಬಂದದ್ದೇ ಪಿಟೀಲು ಹಿಡಿಯುತ್ತಾಳೆ. ಈಗ ನುಡಿಸುತ್ತಿರುವುದು ಒಬ್ಬ ಯಹೂದಿ ಸಂಗೀತಗಾರರ ಕೊನೆಯ ಕೃತಿ. ತಮ್ಮ ಬಾಲ್ಯದಲ್ಲಿ ಅಪ್ಪ ಹಾಡುತ್ತಿದ್ದ ಪ್ರಾರ್ಥನೆಗಳ ಧಾಟಿಯನ್ನೇ ಅವರು ಜೀವನವಿಡೀ ಪಿಟೀಲಿಗೆ ತಂದರಂತೆ.

ಇವತ್ತು ಅವಳು ನುಡಿಸಿ, ಎಂದಿನಂತೆ ನಡುವೆಯೇ ನಿಲ್ಲಿಸುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಪಕ್ಕದ ಮನೆಯ ಹುಬ್ಬಳ್ಳಿ ಎಂಜಿನಿಯರ್, ಹಿಂದೆ ಅವರ ತಾಯಿ. ಗದ್ದಲವೆಂದು ದೂರಲು ಬಂದರೆಂದುಕೊಂಡು ಜೆಸಿಂತಾ ಪಿಟೀಲನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ದಿನಾ ಅಲ್ಲೇ ನಿಲ್ಲಸ್ತೀರಲ್ರೀ ಸಿಸ್ಟರ್! ಮುಂದ ಏನೈತಿ ಅಂತ ನಮ್ಮವ್ವಗ ನಿದ್ದೀನ ಬರವಲ್ದು."

"ಮುಂದೆ ಇಲ್ಲ ಮಾರಾಯ್ರೆ. ಅಷ್ಟು ಬರೆಯುವಷ್ಟರಲ್ಲಿ ಇದನ್ನು ಮಾಡಿದವರು ತೀರಿಹೋದ್ರು."

ಅವ್ವ ಒಳಬಂದು ಸೋಫಾದ ಮೇಲೆ ಕಾಲು ಮಡಚಿ ಕೂತರು. "ಪಾಪ. ಹಂಗಾರ ನೀನಽ ಮುಗಸವ್ವಾ" ಎಂದವರು, ಇಲ್ಲಿಗೆ ಬಂದು ಕಲಿತ ಒಂದೇ ಅರಬ್ಬಿ ಮಾತನ್ನೂ, 'ನಡಿ' ಎನ್ನುವುದನ್ನು, ಸೇರಿಸಿದರು: "ಯಲ್ಲಾ, ಶುರು!"