ಎಂಟು ಮೂಲೆಯ ಕನ್ನಡಿ

ನಾನು ಚಿಕ್ಕವಳಿದ್ದಾಗ ಚಾಮರಾಜಪೇಟೆಯ ನಮ್ಮ ಮನೆಯಲ್ಲಿದ್ದದ್ದು ಒಂದೇ ಕನ್ನಡಿ, ಅದೂ ಅಂಗೈಯಗಲದ್ದು. ಪೇಟೆಯವರ ದೇವರ ಪಟಗಳಿಗೆಲ್ಲ ಕಟ್ಟು ಹಾಕಿಕೊಡುತ್ತಿದ್ದ ಅಪ್ಪನ ಮನೆಯಲ್ಲೇ ಈ ಗತಿ. ಬೆಳಿಗ್ಗೆ ಅಕ್ಕ ನನಗೆ ಜಡೆ ಹೆಣೆಯುವಾಗ ಅದರಲ್ಲಿ ಒಂದೇ ಮುಖ ಹಿಡಿಸುತ್ತಿತ್ತು. ಅವಳು ಕಂಡರೆ ನಾನಿಲ್ಲ, ನಾನು ಕಂಡರೆ ಅವಳಿಲ್ಲ. ಇದಕ್ಕೇ ದಿನಾ ಜಗಳ.

ಅಕ್ಕನಿಗೆ ಮಲ್ಲೇಶ್ವರಂ ಕಡೆ ಮದುವೆ ಗೊತ್ತಾದಾಗ, ಏನು ಮಾಡಿಕೊಡಲಿ ಎಂದು ಅಪ್ಪ ಕೇಳಿದರು.

"ಎಂಟು ಮೂಲೆದು ಒಂದು ದೊಡ್ಡ ಕನ್ನಡಿ ಮಾಡ್ಕೊಡಿ ಅಪ್ಪ. ಇವ್ಳು ಬಂದಾಗ ಜಡೆ ಹಾಕ್ತೀನಲ್ಲ, ಇಬ್ರೂ ಒಟ್ಟಿಗೆ ಕಾಣ್ಬೇಕು," ಎಂದಳು ಅಕ್ಕ.

ಅವಳು ಹೋಗಿಬಿಡುತ್ತಾಳೆ ಎಂಬುದು ನನಗೆ ನಿಜವೆನಿಸಿದ್ದು ಆಗಲೇ.

ಅಪ್ಪ ಅಟ್ಟದಿಂದ ತಾತನ ಹಳೆಯ ಮಂಚದ ಬೀಟೆ ಹಲಗೆ ಇಳಿಸಿದರು. ಉಳಿದಿದ್ದದ್ದು ಅದೊಂದೇ. ಅದನ್ನು ಪಟ್ಟಿಗಳಾಗಿ ಸೀಳಿ ಹತ್ತರಿ ಹೊಡೆದಾಗ ಮರದ ಸುರುಳಿಗಳು ನನ್ನ ಮಡಿಲಿಗೆ ಬಿದ್ದವು. ಅಷ್ಟು ವರ್ಷ ಧೂಳು ತಿಂದ ಮರದೊಳಗೆ ಅಂಥ ಸಿಹಿ ವಾಸನೆ ಇತ್ತು.

ಪಟ್ಟಿಯ ತುದಿಯನ್ನು ಓರೆಯಾಗಿ ಕೊಯ್ಯಲು ಅಪ್ಪನ ಬಳಿ ಮರದ ಉದ್ದನೆಯ ಪೆಟ್ಟಿಗೆಯೊಂದಿತ್ತು. ಅದರ ಗೋಡೆಗಳಲ್ಲಿ ಓರೆ ಸೀಳುಗಳು. ಸೀಳಿನೊಳಗೆ ಗರಗಸ ಇಳಿಸಿದರೆ ಕೊಯ್ತ ನಲವತ್ತೈದು ಡಿಗ್ರಿಗೇ ಬರುತ್ತಿತ್ತು. ನಾಲ್ಕು ಮೂಲೆಯ ಕಟ್ಟಿಗೆ ಅಷ್ಟು ಸಾಕು. ಎಂಟು ಮೂಲೆಯದನ್ನು ಅಪ್ಪ ಎಂದೂ ಮಾಡಿರಲಿಲ್ಲ.

ನನಗೆ ಆ ವರ್ಷವಷ್ಟೇ ಹೊಸ ಜಾಮಿಟ್ರಿ ಬಾಕ್ಸ್ ಬಂದಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಗಲಲ್ಲೇ ಹಿಡಿದೆ.

"ನಾನು ಲೆಕ್ಕ ಹಾಕ್ತೀನಿ. ಸುತ್ತು ಪೂರ್ತಿ ಮುನ್ನೂರ ಅರವತ್ತು ಡಿಗ್ರಿ. ಎಂಟರಿಂದ ಭಾಗಿಸಿದ್ರೆ ನಲವತ್ತೈದು," ಎಂದೆ.

"ಅಯ್ಯೋ, ಅದು ನಮ್ಮ ಸೀಳೇ ಅಲ್ವಾ," ಎಂದು ಅಪ್ಪ ನಕ್ಕರು. ಓದಿದ ಮಗಳ ಮಾತೆಂದು ನಂಬಿ ಹದಿನಾರು ತುದಿಗಳನ್ನೂ ಕೊಯ್ದುಬಿಟ್ಟರು.

ಜೋಡಿಸಲು ನೆಲದ ಮೇಲೆ ಕೂತೆ. ನಾಲ್ಕು ಪಟ್ಟಿ ಇಡುವಷ್ಟರಲ್ಲಿ ಸುತ್ತು ಮುಚ್ಚಿಕೊಂಡು ಚೌಕವಾಯಿತು. ಉಳಿದ ನಾಲ್ಕೂ ಸೇರಿ ಇನ್ನೊಂದು ಚೌಕ. ಎಂಟು ಮೂಲೆಯ ಒಂದು ಕಟ್ಟು ಕೇಳಿದರೆ ನಾಲ್ಕು ಮೂಲೆಯ ಎರಡನ್ನು ಕೊಟ್ಟಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕೊಯ್ದ ಮರವನ್ನೂ ಆ ಗಾದೆಗೆ ಸೇರಿಸಬೇಕು. ನಾನು ಅಳಲು ಶುರುಮಾಡಿದೆ.

ಅಪ್ಪ ಬೈಯಲಿಲ್ಲ. ನನ್ನ ಪಕ್ಕ ಕೂತು ಚೌಕದ ಒಂದು ಮೂಲೆಯ ಮೇಲೆ ಬೆರಳಿಟ್ಟರು.

"ಪುಟ್ಟಿ, ಇಲ್ಲಿ ಮೂಲೆ ಎಷ್ಟು?"

"ಒಂದು."

"ಪಟ್ಟಿ?"

"ಎರಡು," ಎಂದ ಕೂಡಲೇ ನನಗೆ ಹೊಳೆಯಿತು. ಒಂದು ಮೂಲೆಯ ತಿರುವನ್ನು ಎರಡು ಪಟ್ಟಿಗಳು ಸಮವಾಗಿ ಹಂಚಿಕೊಳ್ಳಬೇಕು. ನಾಲ್ಕು ಮೂಲೆಯಾದರೆ ತಿರುವು ತೊಂಬತ್ತು, ಅದರ ಅರ್ಧ ನಲವತ್ತೈದು. ಎಂಟು ಮೂಲೆಯಾದರೆ ತಿರುವು ನಲವತ್ತೈದು, ಕೊಯ್ಯಬೇಕಾದದ್ದು ಅದರ ಅರ್ಧ, ಇಪ್ಪತ್ತೆರಡೂವರೆ. ನಾನು ಅರ್ಧ ಮಾಡುವುದನ್ನೇ ಮರೆತಿದ್ದೆ.

ಅಪ್ಪ ಪೆಟ್ಟಿಗೆಯಲ್ಲಿ ಹೊಸ ಸೀಳು ಮಾಡಿದರು. ಈ ಸಲ ಮೊದಲು ರಟ್ಟಿನಲ್ಲಿ ಕೊಯ್ದು ನೋಡಿ, ಆಮೇಲೆ ಮರ ಮುಟ್ಟಿದರು. ಎಂಟೂ ಪಟ್ಟಿಗಳು ಕೂದಲೆಳೆ ಸಂದಿಲ್ಲದೆ ಕೂಡಿದವು. ಆದರೆ ಎರಡನೇ ಸಲ ಕೊಯ್ದದ್ದರಿಂದ ಪ್ರತಿ ಪಟ್ಟಿಯೂ ಗಿಡ್ಡವಾಗಿತ್ತು. ಮೊದಲೇ ತಂದಿಟ್ಟಿದ್ದ ಕನ್ನಡಿ ಗಾಜನ್ನು ಅಪ್ಪ ಅದಕ್ಕೆ ತಕ್ಕಂತೆ ಸುತ್ತಲೂ ಕತ್ತರಿಸಿ ಕೂರಿಸಿದರು. ಅಕ್ಕ ಬಂದು ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ನೋಡಿದಳು. ಅದರಲ್ಲಿ ಒಂದೇ ಮುಖ ಹಿಡಿಸುತ್ತಿತ್ತು.

"ಇರ್ಲಿ ಬಿಡೇ. ಸರದಿ ಮೇಲೆ ನೋಡ್ಕೊಳ್ಳೋಣ, ಅಭ್ಯಾಸ ಇದೆಯಲ್ಲ," ಎಂದಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಮಕ್ಕಳೇ, ಹೋದ ತಿಂಗಳು ನೀವಿಬ್ಬರೂ ಸೇರಿ ಎಂಟು ಮೂಲೆಯ ಕನ್ನಡಿ ಮಾಡಿದಿರಿ. ಮೊಬೈಲಿನಲ್ಲಿ ಎಂಟು ಎಂದು ಒತ್ತಿದಿರಿ, ಇಪ್ಪತ್ತೆರಡೂವರೆ ಎಂದು ಬಂತು. ಅಪ್ಪನ ಪೆಟ್ಟಿಗೆಯ ಜಾಗದಲ್ಲಿ ನಿಮ್ಮ ಕರೆಂಟಿನ ಗರಗಸ. ಅದರ ಡಿಗ್ರಿ ತೋರಿಸುವ ಮುಳ್ಳನ್ನು ಆ ಗೆರೆಗೆ ತಿರುಗಿಸಿ, ನಾನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕೊಯ್ದು ಮುಗಿಸಿದಿರಿ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಆದರೆ ನಿಮ್ಮ ಮಡಿಲಿಗೆ ಮರದ ಸುರುಳಿ ಬೀಳಲಿಲ್ಲ, ಬರೀ ಹೊಟ್ಟು ಹಾರಿತು.

ಆ ಭಾನುವಾರ ಅಕ್ಕ ಮೆಟ್ರೋ ಹತ್ತಿ ಬಂದಳಲ್ಲ, ನೆನಪಿದೆಯೇ? ಕನ್ನಡಿ ಕಂಡವಳೇ ನನ್ನನ್ನು ಅದರ ಮುಂದೆ ಕೂರಿಸಿ, ಇಲಿಬಾಲದಷ್ಟು ಉಳಿದಿರುವ ನನ್ನ ಜಡೆ ಬಿಚ್ಚಿ ಹೆಣೆಯತೊಡಗಿದಳು. ಎರಡು ಬಿಳಿ ತಲೆಗಳೂ ಒಟ್ಟಿಗೆ ಕಂಡವು.

"ಅಂತೂ ನಿನ್ನ ಲೆಕ್ಕ ಸರಿಹೋಯ್ತು ಕಣೇ," ಎಂದಳು.

ಆಗ ನೀವಿಬ್ಬರೂ ಹಿಂದಿನಿಂದ ಇಣುಕಿದಿರಿ. ನಿಮಗೂ ಜಾಗವಿತ್ತು.