ನಡುವಿನ ಮೀನಿಗೆ ಏನು ಕಂಡಿತು?

ಗೆಳೆಯರೇ, ನನ್ನ ಮನಃಶಾಸ್ತ್ರದ ಪ್ರಾಕ್ಟಿಕಲ್ ಇವತ್ತು ಗುಮ್ಮಘಟ್ಟದ ನಮ್ಮ ಮನೆಯ ಪಡಸಾಲೆಯಲ್ಲೇ ಮುಳುಗಿತು.

ಅದು ಗಮನ ಅಳೆಯುವ ಪರೀಕ್ಷೆ. ಲ್ಯಾಪ್‌ಟಾಪಿನಲ್ಲಿ ಐದು ಮೀನು ಸಾಲಾಗಿ ಬರುತ್ತವೆ. ನಡುವಿನದು ಯಾವ ಕಡೆ ಮುಖ ಮಾಡಿದೆಯೋ ಆ ಕಡೆಯ ಬಟನ್ ತಕ್ಷಣ ಒತ್ತಬೇಕು, ಅಕ್ಕಪಕ್ಕದವನ್ನು ಲೆಕ್ಕಿಸಬಾರದು. ನಾಳೆ ಕೊಡಬೇಕಾದ ವರದಿಗೆ ಇನ್ನೊಬ್ಬರು ಬೇಕಿತ್ತು. ಕುರಿ ಮೇಯಿಸಿಕೊಂಡು ಆಗಷ್ಟೇ ಬಂದ ದೊಡ್ಡಪ್ಪನನ್ನು ಕೂರಿಸಿದೆ.

ನಾಲ್ಕು ಮೀನು ಬಲಕ್ಕೆ, ನಡುವಿನದು ಎಡಕ್ಕೆ. ದೊಡ್ಡಪ್ಪ ಬಟನ್ ಮರೆತು ಎಡಗಡೆಯ ಬಾಗಿಲಾಚೆ ನೋಡುತ್ತಾ ಕೂತರು.

"ದೊಡ್ಡಪ್ಪಾ, ಒತ್ರಿ! ಯಾಕ ಹೊರಗ ನೋಡ್ತೀರಿ?"

"ತಡಿಯವ್ವ. ಹಿಂಡೆಲ್ಲಾ ಅತ್ತಾಗ ಹೊಂಟಾಗ ಒಂದು ಮಾತ್ರ ಇತ್ತಾಗ ತಿರುಗಿ ನಿಂತೈತಂದ್ರ, ಅದಕ್ಕ ಏನೋ ಕಂಡೈತಿ."

ಬಾಗಿಲಾಚೆ ಖಾಲಿ ಹೊಲ, ಸಂಜೆಬೆಳಕಿನಲ್ಲಿ ಇಳಿಯಲು ಮನಸ್ಸಿಲ್ಲದೆ ತೇಲುತ್ತಿದ್ದ ಕುರಿಧೂಳು. ಅಷ್ಟರಲ್ಲಿ ಕಂಪ್ಯೂಟರು ದೊಡ್ಡಪ್ಪನಿಗೆ 'ಗಮನ ಬಹಳ ಕಡಿಮೆ' ಎಂದು ತೀರ್ಪು ಕೊಟ್ಟಿತು.

ಸಿಟ್ಟಿನಿಂದಲೇ ಅವರ ಪಕ್ಕ ಕೂತೆ. ಮೀನಿಗೆ ಏನು ಕಂಡಿತ್ತೆಂದು ಕತ್ತಲಾಗುವವರೆಗೆ ನೋಡಿದರೂ ನಮಗಿಬ್ಬರಿಗೂ ತಿಳಿಯಲಿಲ್ಲ. ವರದಿ ಹಾಗೇ ಉಳಿದಿದೆ. ಗಮನವಿಲ್ಲದವರ ಪಟ್ಟಿಗೆ ಈಗ ನನ್ನ ಹೆಸರನ್ನೂ ಸೇರಿಸಬೇಕು.