ಮೈದಾನಕ್ಕೆ ಬೆನ್ನು ಮಾಡಿ ಕೂತ ಅಪ್ಪ

ಅಪ್ಪ ತೀರಿಕೊಂಡ ಮೇಲೆ ಉಳಿದ ಕೊರಗುಗಳಲ್ಲಿ ಒಂದನ್ನು ಯಾರ ಹತ್ತಿರವೂ ಹೇಳಿಕೊಳ್ಳಲು ಆಗಿರಲಿಲ್ಲ. ನಾನು ಓಡುವುದನ್ನು ಅವರು ಒಮ್ಮೆಯೂ ನೋಡಲಿಲ್ಲ. ನೋಡಬೇಡ ಎಂದವಳು ನಾನೇ ಆದ್ದರಿಂದ ಯಾರನ್ನೂ ದೂರುವ ಹಾಗಿರಲಿಲ್ಲ.

ನಮ್ಮದು ಕೈಲಾಂಚದ ಕಡೆಯ ಊರು, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಹೈಸ್ಕೂಲಿನಲ್ಲಿ ನಾನು ಎಂಟುನೂರು ಮೀಟರ್ ಓಡುತ್ತಿದ್ದೆ. ಬೆಳಿಗ್ಗೆ ಹಿಪ್ಪುನೇರಳೆ ತೋಟದ ಪಕ್ಕದ ಮಣ್ಣುರಸ್ತೆಯಲ್ಲಿ ಕಾಲು ತಾನಾಗಿ ಹೋಗುತ್ತಿತ್ತು. ಯಾರಾದರೂ ನಿಂತು ನೋಡಿದರೆ ಮೊಣಕಾಲು ಬಿಗಿಯುತ್ತಿತ್ತು. ಉಸಿರನ್ನು ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು ಎಂದು ಯೋಚಿಸುವ ಹಾಗಾಗುತ್ತಿತ್ತು.

ತಾಲ್ಲೂಕಿನ ಓಟದಲ್ಲಿ ಜನ ಕಡಿಮೆ, ಹೇಗೋ ದಾಟಿದೆ. ಚನ್ನಪಟ್ಟಣದಲ್ಲಿ ಜಿಲ್ಲೆಯ ಓಟ ನಡೆದಾಗ ಸುತ್ತಲೂ ಜನ ಕೂಗುತ್ತಿದ್ದರು, ನಾನು ಕಡೆಯವಳಾಗಿ ಬಂದೆ. ಗೆದ್ದವಳು ಮಾಗಡಿ ಕಡೆಯ ಹುಡುಗಿ. ಜನ ಕೂಗಿದಷ್ಟೂ ಅವಳಿಗೆ ಬಲ ಬರುತ್ತಿತ್ತು. ಅದೇ ಜನ, ಅದೇ ಕೂಗು, ನನಗೆ ಮಾತ್ರ ಹೀಗೇಕೆ ಎಂದು ಪಿ.ಟಿ. ಮೇಷ್ಟ್ರನ್ನು ಕೇಳಿದೆ. "ಅಭ್ಯಾಸ ಆಯ್ತದೆ ಬಿಡು" ಎಂದರು. ಆಗಲಿಲ್ಲ.

ಮರುವರ್ಷದ ಓಟ ರಾಮನಗರದಲ್ಲಿ. ಅಪ್ಪ ತಾವೂ ಬರುವುದಾಗಿ ಹೇಳಿದರು.

"ಬರ್ಬ್ಯಾಡ ಕಣಪ್ಪ. ನೀನೂ ನೋಡ್ತಾ ನಿಂತ್ರೆ ನಾನು ಬಿದ್ದೇ ಹೋಯ್ತೀನಿ."

ಬೇರೆ ಮನೆಯಲ್ಲಾಗಿದ್ದರೆ ಈ ಮಾತಿಗೆ ನಗುತ್ತಿದ್ದರೇನೋ. ಅಪ್ಪ ನಗಲಿಲ್ಲ. ನಮ್ಮ ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಹುಳು ಗೂಡು ಕಟ್ಟುವ ದಿನಗಳಲ್ಲಂತೂ ಸ್ವಂತ ಅತ್ತೆ ಬಂದರೂ ಬಾಗಿಲಲ್ಲೇ ಮಾತು. ಯಾರಾದರೂ ಇಣುಕಿ "ಏನ್ ಚೆನ್ನಾಗ್ ತಿಂತಾವೆ" ಎಂದುಬಿಟ್ಟರೆ ಬೆಳೆಯೇ ಹೋಯಿತು ಎಂದು ಅವ್ವ ಹೆದರುತ್ತಿದ್ದಳು. ರೋಗ ಬರುವುದು ಕಣ್ಣಿಂದಲ್ಲ, ಕಾಲಿನ ಧೂಳಿಂದ ಎಂದು ರೇಷ್ಮೆ ಇಲಾಖೆಯವರು ಒಮ್ಮೆ ಹೇಳಿದ್ದರು. "ಕಾಲಿಂದ ಬರ್ಲಿ, ಕಣ್ಣಿಂದ ಬರ್ಲಿ, ಬಾಗಿಲಾಚೆ ಇರ್ಲಿ" ಎಂದಿದ್ದರು ಅಪ್ಪ.

ನನ್ನ ಮಾತನ್ನೂ ಅವರು ಹಾಗೇ ತೆಗೆದುಕೊಂಡರು. "ಸರಿ. ಬತ್ತೀನಿ, ನೋಡಲ್ಲ."

ರಾಮನಗರದ ಮೈದಾನದ ಬೇಲಿಯಾಚೆ, ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿ, ಅದರ ಮೇಲೇ ರಸ್ತೆ ಕಡೆ ಮುಖ ಮಾಡಿ ಕೂತರು. ಪಕ್ಕದೂರಿನವರೊಬ್ಬರು ಬೇಲಿ ಹಿಡಿದು ನಿಂತಿದ್ದರು.

"ಏನ್ಲಾ, ಮಗಳು ಓಡೋದು ಈ ಕಡೆ, ನೀನು ಆ ಕಡೆ ನೋಡ್ತಿದ್ದೀಯ. ಬಸ್ ಬತ್ತದಾ?"

"ಓಡೋಳು ಓಡ್ತಾಳೆ, ನಾನ್ಯಾಕ್ಲಾ ಅಡ್ಡ."

"ಇಲ್ಲೀಗಂಟ ಪೆಟ್ರೋಲ್ ಸುಟ್ಕೊಂಡು ಬಂದಿದ್ದು ರೋಡ್ ನೋಡೋಕಾ?"

"ನಿನ್ ಮುಖ ನೋಡೋದ್ಕಿಂತ ರೋಡೇ ವಾಸಿ ಬುಡು."

ಸುತ್ತ ನಿಂತವರು ನಕ್ಕರು. ನಾನು ಗೆರೆಯ ಮೇಲೆ ನಿಂತೆ. ಅಷ್ಟು ಮುಖಗಳ ನಡುವೆ ಒಂದೇ ಒಂದು ಬೆನ್ನು. ಸೊಪ್ಪಿನ ಕರೆ ಹತ್ತಿದ್ದ ಬಿಳಿ ಅಂಗಿ. ಮೊದಲ ಸುತ್ತಿನಲ್ಲಿ ಅವರು ಕೂತ ಕಡೆಯ ತಿರುವಿಗೆ ಬಂದಾಗ ಅದನ್ನೇ ನೋಡಿದೆ, ಎರಡನೆಯದರಲ್ಲೂ ನೋಡಿದೆ. ಅಲ್ಲಿಗೆ ಬಂದಾಗಲೆಲ್ಲ ನಮ್ಮ ಮಣ್ಣುರಸ್ತೆಯಲ್ಲಿದ್ದ ಹಾಗೆ ಉಸಿರು ಸಡಿಲವಾಗುತ್ತಿತ್ತು. ಮಾಗಡಿಯವಳ ಹಿಂದೆಯೇ ಮುಗಿಸಿದೆ.

"ಆಯ್ತಾ?" ಎಂದರು ಅಪ್ಪ, ತಿರುಗದೆ.

"ಎರಡನೇದು."

"ಸಾಕು. ಹತ್ತು. ಹುಳಕ್ಕೆ ಸೊಪ್ಪಾಕ್ಬೇಕು."

ಹತ್ತಿ ಕೂತಾಗ ಗಾಡಿಯ ಬಲಗನ್ನಡಿ ಓರೆಯಾಗಿತ್ತು, ಅದರಲ್ಲಿ ನನ್ನದೇ ಕೆಂಪು ಮುಖ ಕಂಡಿತು. ಅಪ್ಪ ಅದನ್ನು ತಿರುಗಿಸಿ ಸರಿಮಾಡಿಕೊಂಡು ಹೊರಟರು.

ಆಮೇಲೆ ಪಿಯುಸಿ ಮುಗಿಯುವವರೆಗೂ ನನ್ನ ಓಟಗಳಿಗೆಲ್ಲ ಅವರು ಬಂದರು, ಹಾಗೇ ಕೂತರು.

ಅವರು ಹೋದ ದಿನ ಅಂಗಳದ ತುಂಬ ಜನ ನನ್ನನ್ನೇ ನೋಡುತ್ತಿದ್ದರು. ಅಳು ಬರಲಿಲ್ಲ. ಅತ್ತುಬಿಡು ಎಂದು ಯಾರೋ ಹೇಳಿದಷ್ಟೂ ಅದು ಇನ್ನೂ ಹಿಂದಕ್ಕೆ ಸರಿಯಿತು. ಮೈದಾನದಲ್ಲಿ ಮೊಣಕಾಲು ಬಿಗಿಯುತ್ತಿದ್ದ ಹಾಗೆಯೇ.

ಈಗ ನಾನು ಬೆಳಿಗ್ಗೆ ಡೇರಿಯಲ್ಲಿ ಹಾಲು ಅಳೆದು ಬಂದು ಅವ್ವನ ಜೊತೆ ಹುಳು ನೋಡಿಕೊಳ್ಳುತ್ತೇನೆ. ಕಳೆದ ಬೆಳೆಯಲ್ಲಿ ಒಂದು ದಿನ ಸೊಪ್ಪು ಹರಡುವಾಗ ನನ್ನ ಮೊಣಕೈ ತಟ್ಟೆಗೆ ತಗಲಿತು.

"ಆ ಎಡಗೈನ ಒಸಿ ಹತ್ರ ಇಟ್ಕೊಳ್ಳೇ" ಎಂದಳು ಅವ್ವ. "ನಿಮ್ಮಪ್ಪ ಹೇಳ್ತಿದ್ದದ್ದು ಸರಿಯಾಗೇ ಐತೆ."

"ಏನ್ ಹೇಳ್ತಿತ್ತು ಅಪ್ಪ?"

"ತಿರುವ್ನಲ್ಲಿ ಎಡಗೈ ಅಗ್ಲ ಬೀಸ್ತಾಳೆ, ಅದೊಂದು ಸರಿ ಮಾಡ್ಕಂಡಿದ್ರೆ ಮೊದಲ್ನೇದೇ ಬತ್ತಿದ್ಲು, ಅಂತ."

"ಅಪ್ಪ ನೋಡೇ ಇಲ್ವಲ್ಲವ್ವ."

"ನೋಡ್ದೆ ಇರಕ್ಕಾಯ್ತದಾ? ಕನ್ನಡಿ ಇರ್ಲಿಲ್ವಾ ಗಾಡೀಲಿ?"

"ಮತ್ತೆ ಕೈ ವಿಷ್ಯ ನಂಗ್ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನೋಡಿದ್ದು ಗೊತ್ತಾಗಲ್ವಾ ನಿಂಗೆ. ಸೊಪ್ಪಾಕು, ಬಾಡ್ತದೆ."

ನನಗೆ ಆಗ ಅಳು ಬಂತು. ಅವ್ವ ಆ ಕಡೆ ತಿರುಗಿ ಮುಂದಿನ ಸಾಲಿಗೆ ಸೊಪ್ಪು ಹಾಕುತ್ತಾ ಹೋದಳು.

ಮರುದಿನ ಬೆಳಿಗ್ಗೆ ತೋಟದ ರಸ್ತೆಯಲ್ಲಿ ಓಡಿದೆ. ತಿರುವಿನಲ್ಲಿ ಗಮನಿಸಿದರೆ ಕೈ ನಿಜಕ್ಕೂ ಅಗಲಕ್ಕೆ ಹೋಗುತ್ತದೆ. ಮೈಗೆ ಒತ್ತಿ ಹಿಡಿದು ಇನ್ನೊಂದು ಸಲ ಓಡಿದೆ. ಅಪ್ಪ ಹೇಳಿದ್ದು ಸರಿ.